ತಿಕ್ಕದೆ ತೊಳೆಯುವ ಪೆಟ್ಟಿಗೆ: ಸಣ್ಣ ಅಡುಗೆಮನೆಯಲ್ಲಿ ಟೇಬಲ್‌ಟಾಪ್ ಡಿಶ್‌ವಾಷರ್

ಡಿಶ್‌ವಾಷರ್ ಪಾತ್ರೆಯನ್ನು ತಿಕ್ಕುವುದಿಲ್ಲ. ಒಳಗೆ ಬ್ರಷ್ ಇಲ್ಲ, ನಾರಿಲ್ಲ, ಸ್ಕ್ರಬ್ಬರ್ ಇಲ್ಲ. ಬಿಸಿನೀರು, ಕ್ಷಾರದ ಪುಡಿ, ಚಿಮ್ಮುವ ತೂತುಗಳಿರುವ ಒಂದು ತೋಳು, ಇವಿಷ್ಟೇ. ಇದೊಂದು ವಿಷಯ ತಲೆಯಲ್ಲಿ ಕೂತರೆ ಉಳಿದ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ. ಎರಡು ಮೂರು ಗಂಟೆ ಯಾಕೆ ಬೇಕು? ಸೀದ ಬಾಣಲೆ ಯಾಕೆ ಹೊಳೆಯುವುದಿಲ್ಲ? ಉಪ್ಪು ಯಾಕೆ ಹಾಕಬೇಕು? ಬೆಂಗಳೂರಿನ ಬೋರ್‌ವೆಲ್ ನೀರಿಗೂ ಇದಕ್ಕೂ ಯಾಕೆ ಆಗಿಬರುವುದಿಲ್ಲ?

2020ರ ಲಾಕ್‌ಡೌನ್‌ನಲ್ಲಿ ಮನೆಕೆಲಸದವರು ಬರಲಾಗದೆ ಹೋದಾಗ ನಮ್ಮ ದೇಶದಲ್ಲಿ ಡಿಶ್‌ವಾಷರ್‌ಗೆ ಒಮ್ಮೆಲೇ ಬೇಡಿಕೆ ಬಂತು. ದೊಡ್ಡ ಯಂತ್ರಕ್ಕೆ ಜಾಗ ಇಲ್ಲದ ಒಂದು ಬೆಡ್‌ರೂಮಿನ ಫ್ಲಾಟ್‌ಗಳಿಗೆ, ಬಾಡಿಗೆ ಮನೆಗಳಿಗೆ ಕಟ್ಟೆ ಮೇಲೆ ಕೂರುವ ಈ ಚಿಕ್ಕ ಪೆಟ್ಟಿಗೆ ಕಣ್ಣಿಗೆ ಬಿತ್ತು. ಇದು ಎಲ್ಲರಿಗೂ ಹೊಂದುವ ವಸ್ತುವಲ್ಲ. ಯಾರಿಗೆ ಹೊಂದುತ್ತದೆ ಎಂದು ತಿಳಿಯಲು ಇದು ಕೆಲಸ ಮಾಡುವ ಬಗೆ ಗೊತ್ತಿರಬೇಕು.

ಒಳಗೆ ನಡೆಯುವುದೇನು

ಜರ್ಮನಿಯ ಹೆಂಕೆಲ್ ಕಂಪನಿಯಲ್ಲಿದ್ದ ಹರ್ಬರ್ಟ್ ಸಿನ್ನರ್ ಎಂಬ ರಸಾಯನತಜ್ಞ 1959ರಲ್ಲಿ ತೊಳೆಯುವ ಕೆಲಸವನ್ನು ನಾಲ್ಕು ಪಾಲಾಗಿ ಬಿಡಿಸಿ ತೋರಿಸಿದ. ರಾಸಾಯನಿಕ, ಶಾಖ, ಉಜ್ಜುವ ಬಲ, ಸಮಯ. ಒಂದನ್ನು ಕಡಿಮೆ ಮಾಡಿದರೆ ಉಳಿದವುಗಳಲ್ಲಿ ಒಂದನ್ನಾದರೂ ಜಾಸ್ತಿ ಮಾಡಲೇಬೇಕು. ನಾವು ಕೈಯಲ್ಲಿ ತೊಳೆಯುವಾಗ ಉಜ್ಜುವ ಬಲವೇ ಮುಖ್ಯ. ನೀರು ತಣ್ಣಗಿದ್ದರೂ, ಸೋಪು ಮೆದುವಾಗಿದ್ದರೂ ನಡೆಯುತ್ತದೆ. ಎರಡು ನಿಮಿಷದಲ್ಲಿ ತಟ್ಟೆ ಶುಚಿ. ಯಂತ್ರದಲ್ಲಿ ಆ ಬಲ ತೀರಾ ಕಡಿಮೆ, ನೀರಿನ ಹೊಡೆತ ಮಾತ್ರ. ಹಾಗಾಗಿ ಉಳಿದ ಮೂರನ್ನೂ ಅದು ಏರಿಸುತ್ತದೆ. 50ರಿಂದ 70 ಡಿಗ್ರಿ ಬಿಸಿ, ಕೈಗೆ ತಾಗಿದರೆ ಉರಿಯುವಷ್ಟು ಕಟುವಾದ ಪುಡಿ, ಗಂಟೆಗಟ್ಟಲೆ ಹೊತ್ತು. ಇಕೋ ಪ್ರೋಗ್ರಾಂ ಮೂರು ಗಂಟೆ ತೆಗೆದುಕೊಳ್ಳುವುದು ಯಂತ್ರದ ಸೋಮಾರಿತನವಲ್ಲ. ಶಾಖ ಕಡಿಮೆ ಮಾಡಿ ವಿದ್ಯುತ್ ಉಳಿಸುತ್ತದೆ, ಅದರ ಬದಲಿಗೆ ಸಮಯ ಕೇಳುತ್ತದೆ.

ಗುಂಡಿ ಒತ್ತಿದ ಮೇಲೆ ಯಂತ್ರ ಎರಡು ಮೂರು ಲೀಟರ್ ನೀರು ಎಳೆದುಕೊಳ್ಳುತ್ತದೆ. ತಳದಲ್ಲಿರುವ ಪಂಪು ಅದನ್ನು ತೋಳಿಗೆ ತಳ್ಳುತ್ತದೆ. ಹುಲ್ಲುಹಾಸಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್‌ನಂತೆ, ನೀರು ಚಿಮ್ಮುವ ರಭಸಕ್ಕೇ ತೋಳು ತಿರುಗುತ್ತದೆ. ಅದನ್ನು ತಿರುಗಿಸಲು ಬೇರೆ ಮೋಟಾರ್ ಇಲ್ಲ. ಕೆಳಗೆ ಬಿದ್ದ ನೀರು ಜಾಲರಿ ದಾಟಿ ಮತ್ತೆ ಪಂಪಿಗೆ ಹೋಗುತ್ತದೆ, ಮತ್ತೆ ಚಿಮ್ಮುತ್ತದೆ. ಅದೇ ನೀರು ನೂರಾರು ಸಲ ಪಾತ್ರೆಗೆ ಬಡಿಯುತ್ತದೆ. ಆಮೇಲೆ ಅದನ್ನು ಚೆಲ್ಲಿ ಹೊಸ ನೀರು. ಹೀಗೆ ಮೂರ್ನಾಲ್ಕು ಸಲ. ಕೊನೆಯದು ಬಿಸಿನೀರಿನ ಜಾಲಾಟ. ಒಟ್ಟು ಖರ್ಚಾಗುವುದು ಸುಮಾರು 6ರಿಂದ 8 ಲೀಟರ್.

ಪಾತ್ರೆ ಅಲುಗಾಡದೆ ನಿಲ್ಲಬೇಕು, ನೀರು ಓಡಾಡಬೇಕು. ಈ ಉಪಾಯವನ್ನು ಕೆಲಸಕ್ಕೆ ಬರುವ ರೂಪಕ್ಕೆ ತಂದವಳು ಅಮೆರಿಕದ ಇಲಿನಾಯ್ ರಾಜ್ಯದ ಜೋಸೆಫೀನ್ ಕಾಕ್ರೇನ್. 1886ರಲ್ಲಿ ಅವಳಿಗೆ ಪೇಟೆಂಟ್ ಸಿಕ್ಕಿತು. 1893ರ ಶಿಕಾಗೋ ಮಹಾಮೇಳದಲ್ಲಿ ಯಂತ್ರ ಪ್ರದರ್ಶನಕ್ಕೆ ಬಂತು. ತಟ್ಟೆ, ಕಪ್ಪು, ಸಾಸರುಗಳ ಅಳತೆಗೆ ತಕ್ಕಂತೆ ತಂತಿಯ ಗೂಡುಗಳನ್ನು ಮಾಡಿ, ಅವುಗಳ ಮೇಲೆ ಸೋಪಿನ ನೀರು ಚಿಮ್ಮಿಸಿದಳು. ಇಂದಿನ ಯಂತ್ರದ ಬುಟ್ಟಿಯೂ ಮೂಲದಲ್ಲಿ ಅದೇ ಚಪ್ಪಟೆ ತಟ್ಟೆ, ಕಪ್ಪು, ಸಾಸರಿನ ಬುಟ್ಟಿ. ನಮ್ಮ ಡಬರಿ, ಕುಕ್ಕರ್ ಅದರ ಲೆಕ್ಕದಲ್ಲಿ ಇರಲೇ ಇಲ್ಲ. ನಮ್ಮ ತಕರಾರು ಅರ್ಧಕ್ಕರ್ಧ ಶುರುವಾಗುವುದೇ ಇಲ್ಲಿಂದ.

6 ಜನರ ಲೆಕ್ಕ, 8 ಜನರ ಲೆಕ್ಕ

ಅಂಗಡಿಯಲ್ಲಿ ‘8 ಪ್ಲೇಸ್ ಸೆಟ್ಟಿಂಗ್’ ಎನ್ನುತ್ತಾರೆ. ಎಂಟು ಜನರ ಊಟದ ಪಾತ್ರೆ ಹಿಡಿಸುತ್ತದೆ ಎಂದು ಕೇಳಿಸುತ್ತದೆ ಅಲ್ವಾ? ಆದರೆ ಅದು ಯುರೋಪಿನ ಊಟ. ಒಬ್ಬರಿಗೆ ದೊಡ್ಡ ತಟ್ಟೆ, ಸೂಪಿನ ತಟ್ಟೆ, ಚಿಕ್ಕ ತಟ್ಟೆ, ಕಪ್ಪು, ಸಾಸರು, ಗ್ಲಾಸು, ಚಮಚ ಮುಳ್ಳುಚಮಚಗಳು. ಇದರಲ್ಲಿ ಕುಕ್ಕರ್ ಇಲ್ಲ, ಬಾಣಲೆ ಇಲ್ಲ, ಹಾಲಿನ ಪಾತ್ರೆ ಇಲ್ಲ. ನಮ್ಮ ಮನೆಗಳಲ್ಲಿ 8ರ ಯಂತ್ರ ಎಂದರೆ ಇಬ್ಬರು ಮೂವರ ದಿನದ ತಟ್ಟೆ, ಬಟ್ಟಲು, ಲೋಟ, ಟಿಫಿನ್ ಡಬ್ಬಿ, ಸೌಟುಗಳು, ಜೊತೆಗೆ ಒಂದೆರಡು ಚಿಕ್ಕ ಪಾತ್ರೆ.

ಕೊಳ್ಳುವ ಮೊದಲು ಟೇಪು ಹಿಡಿದು ಮನೆಯ ಊಟದ ತಟ್ಟೆಯನ್ನು ಅಳೆಯಿರಿ. ನಮ್ಮ ಸ್ಟೀಲ್ ತಟ್ಟೆಗಳು 12 ಇಂಚು, ಅಂದರೆ ಸುಮಾರು 30 ಸೆಂ.ಮೀ. ಇರುವುದು ಮಾಮೂಲು. ಚಿಕ್ಕ ಯಂತ್ರದಲ್ಲಿ ನಿಲ್ಲಿಸಲು ಸಿಗುವ ಎತ್ತರ ಅದಕ್ಕಿಂತ ಕಡಿಮೆ ಇರಬಹುದು. ತಟ್ಟೆ ಚಾವಣಿಗೆ ತಾಗಿದರೆ ಅಥವಾ ತೋಳಿಗೆ ಅಡ್ಡ ನಿಂತರೆ ಆ ಸುತ್ತು ಪೂರ್ತಿ ದಂಡ. ಸಾಧ್ಯವಾದರೆ ಅಂಗಡಿಗೆ ಒಂದು ತಟ್ಟೆ, ಒಂದು ಡಬರಿ ಚೀಲದಲ್ಲಿ ಹಾಕಿಕೊಂಡೇ ಹೋಗಿ. ನಗುವವರು ನಗಲಿ.

ಇದಕ್ಕಿಂತ ಚಿಕ್ಕವೂ ಇವೆ. 3–4 ಸೆಟ್ಟಿಂಗ್‌ನವು, ಸುಮಾರು 42 ಸೆಂ.ಮೀ. ಅಗಲ. ಇವುಗಳಲ್ಲಿ ಕೆಲವಕ್ಕೆ ನಲ್ಲಿಯೇ ಬೇಡ. ಮೇಲಿನಿಂದ ಚೊಂಬಿನಲ್ಲಿ ಸುಮಾರು 5 ಲೀಟರ್ ನೀರು ಸುರಿದರೆ ಸಾಕು. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಮಾಲೀಕರು ಒಪ್ಪದಿದ್ದರೆ ಇದೇ ದಾರಿ. ಒಬ್ಬರು ಇಬ್ಬರಿಗೆ ಸರಿ, ನಾಲ್ಕು ಜನಕ್ಕೆ ಸುಮ್ನೆ ಆಟಿಕೆ.

ಎಲ್ಲಿ ಕೂರಿಸುವುದು

6–8 ಸೆಟ್ಟಿಂಗ್‌ನ ಪೆಟ್ಟಿಗೆ ಸುಮಾರು 55 ಸೆಂ.ಮೀ. ಅಗಲ, 50 ಸೆಂ.ಮೀ. ಆಳ ಇರುತ್ತದೆ. ಎತ್ತರ 6ರದ್ದಕ್ಕೆ ಸುಮಾರು 45 ಸೆಂ.ಮೀ., 8ರದ್ದಕ್ಕೆ ಸುಮಾರು 60 ಸೆಂ.ಮೀ. ಖಾಲಿ ತೂಕವೇ 20 ಕೆ.ಜಿ.ಗೆ ಮೇಲೆ. ನಮ್ಮ ಗ್ರಾನೈಟ್ ಕಟ್ಟೆ ಸಾಮಾನ್ಯವಾಗಿ ಎರಡು ಅಡಿ ಆಳ. ಹಿಂದೆ ಪೈಪುಗಳಿಗೆ ನಾಲ್ಕೈದು ಸೆಂ.ಮೀ. ಬಿಟ್ಟರೆ ಆಳಕ್ಕೆ ಸರಿಹೋಗುತ್ತದೆ. ಜನ ಮರೆಯುವುದು ಬಾಗಿಲನ್ನು. ಅದು ಮುಂದಕ್ಕೆ, ಕೆಳಕ್ಕೆ ತೆರೆಯುತ್ತದೆ. ತೆರೆದಾಗ ಕಟ್ಟೆಯಿಂದ ಆಚೆ ಒಂದಡಿಯಾದರೂ ಚಾಚುತ್ತದೆ. ಓಣಿಯಂಥ ಅಡುಗೆಮನೆಯಲ್ಲಿ ಒಬ್ಬರು ಒಲೆ ಮುಂದೆ ನಿಂತಿದ್ದರೆ ಇನ್ನೊಬ್ಬರು ಆ ಕಡೆ ಹೋಗುವ ಹಾಗಿಲ್ಲ. ಬಾಗಿಲು ತೆರೆದ ಕೂಡಲೇ ಹಬೆಯೂ ಏಳುತ್ತದೆ. ಮೇಲೆ ಪ್ಲೈವುಡ್ ಕಪಾಟಿದ್ದರೆ ಅದರ ಅಡಿಭಾಗ ಕೆಲವೇ ತಿಂಗಳಲ್ಲಿ ಉಬ್ಬುತ್ತದೆ.

ನನ್ನನ್ನು ಕೇಳಿದರೆ ಬೆಂಗಳೂರಿನ ಫ್ಲಾಟುಗಳಲ್ಲಿ ಇದಕ್ಕೆ ಒಳ್ಳೆಯ ಜಾಗ ಕಟ್ಟೆಯಲ್ಲ, ಯುಟಿಲಿಟಿ. ವಾಷಿಂಗ್ ಮೆಷಿನ್‌ಗೆಂದು ಮುಕ್ಕಾಲು ಇಂಚಿನ ನಲ್ಲಿ, 16 ಆಂಪ್ ಸಾಕೆಟ್, ನೀರು ಹೋಗುವ ದಾರಿ ಮೂರೂ ಅಲ್ಲೇ ಇರುತ್ತವೆ. ನಲ್ಲಿಗೆ ಕವಲು ಜೋಡಿಸಿದರೆ ಎರಡು ಯಂತ್ರಕ್ಕೂ ನೀರು ಸಿಗುತ್ತದೆ. ಆದರೆ ವಾಷಿಂಗ್ ಮೆಷಿನ್ ತಲೆಯ ಮೇಲೆ ಡಿಶ್‌ವಾಷರ್ ಕೂರಿಸಬೇಡಿ. ಬಟ್ಟೆ ಹಿಂಡುವಾಗ ಅದು ಅದುರುತ್ತದೆ. ಬೇರೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಮಳೆಯ ಎರಚಲು ಬೀಳದ ಕಡೆ ಇಡಿ.

ಹೊರಪೈಪಿನ ವಿಷಯಕ್ಕೂ ಗಮನ ಬೇಕು. ಕೊಳೆನೀರಿನ ಪೈಪನ್ನು ನೇರ ನೆಲದ ಜಾಲರಿಗೆ ಇಳಿಬಿಟ್ಟರೆ ಸೈಫನ್ ಆಗಿ, ತುಂಬಿದ ನೀರೆಲ್ಲ ತಾನೇ ಇಳಿದು ಹೋಗಬಹುದು. ಕೈಪಿಡಿ ಹೇಳಿದ ಎತ್ತರಕ್ಕೆ ಏರಿಸಿ ಆಮೇಲೆ ಇಳಿಸಬೇಕು. ಸಿಂಕಿಗೆ ಬಿಡುವುದಾದರೆ ತುದಿ ನಿಂತ ನೀರಿನಲ್ಲಿ ಮುಳುಗಿರಬಾರದು. ಮುಳುಗಿದ್ದರೆ ಕೊಳೆನೀರು ವಾಪಸ್ ಬರುವ ದಾರಿಯಾಗುತ್ತದೆ.

ಕೊನೆಯ ಮಹಡಿಯಲ್ಲಿರುವವರಿಗೆ ಇನ್ನೊಂದು ತೊಡಕಿದೆ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ಯಂತ್ರಗಳು ಕನಿಷ್ಠ 0.3ರಿಂದ 0.5 ಬಾರ್ ಬೇಕೆನ್ನುತ್ತವೆ. ಅಂದರೆ ಟ್ಯಾಂಕು ನಿಮ್ಮ ನಲ್ಲಿಗಿಂತ ಮೂರರಿಂದ ಐದು ಮೀಟರ್ ಮೇಲಿರಬೇಕು. ಟ್ಯಾಂಕಿನ ಕೆಳಗೇ ಇರುವ ಮನೆಗೆ ಇಷ್ಟು ಸಿಗುವುದು ಕಷ್ಟ. ನೀರು ತುಂಬಲು ತಡವಾದರೆ ಯಂತ್ರ ನಲ್ಲಿಯ ಚಿತ್ರ ಮಿನುಗಿಸಿ ನಿಂತುಬಿಡುತ್ತದೆ. ಯಂತ್ರ ಕೆಟ್ಟಿದೆ ಎಂದು ಮೆಕ್ಯಾನಿಕ್ಕನ್ನು ಕರೆಸುವ ಮೊದಲು ಇದನ್ನು ನೋಡಿ. ಸುರಿಯುವ ಟ್ಯಾಂಕಿನ ಯಂತ್ರಕ್ಕೆ ಈ ಗೋಜಿಲ್ಲ.

ಸಾಕೆಟ್ಟಿನ ಲೆಕ್ಕ ಸುಲಭ. 6 ಆಂಪ್ ಸಾಕೆಟ್ 230 ವೋಲ್ಟ್‌ನಲ್ಲಿ ತಾಳುವುದು 1380 ವ್ಯಾಟ್. ಹಿಂಬದಿಯ ಫಲಕದಲ್ಲಿ ಅದಕ್ಕಿಂತ ಜಾಸ್ತಿ ಬರೆದಿದ್ದರೆ 16 ಆಂಪ್ ಸಾಕೆಟ್ಟೇ ಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಕರೆಂಟು ಹೋಗಿ ಅಪಾರ್ಟ್‌ಮೆಂಟಿನ ಜನರೇಟರ್ ಬಂದಾಗ ನೀರು ಕಾಯಿಸುತ್ತಿದ್ದರೆ ಮನೆಗೆ ಕೊಟ್ಟ ಮಿತಿ ದಾಟಿ ಟ್ರಿಪ್ ಆಗುವುದೂ ಉಂಟು.

ನೀರಿನ ಗುಣವೇ ಮುಖ್ಯ

ಈ ಯಂತ್ರ ನಮ್ಮ ಕಡೆ ಸೋಲುವುದು ಹೆಚ್ಚಾಗಿ ಗಡಸು ನೀರಿನಿಂದ. ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರುವ ನೀರನ್ನು ಕಾಯಿಸಿದರೆ ಬಿಳಿ ಸುಣ್ಣ ಕಟ್ಟುತ್ತದೆ. ಗೀಸರ್ ಬಿಚ್ಚಿ ನೋಡಿದವರಿಗೆ ಗೊತ್ತು. ಕೈಯಲ್ಲಿ ತೊಳೆದಾಗ ಬಟ್ಟೆಯಿಂದ ಒರೆಸುತ್ತೇವೆ, ಕಲೆ ಕಾಣುವುದಿಲ್ಲ. ಯಂತ್ರದಲ್ಲಿ ಒರೆಸುವವರಿಲ್ಲ. ಬಿಸಿಗೆ ನೀರು ಆರುತ್ತದೆ, ಸುಣ್ಣ ಲೋಟದ ಮೇಲೆ ಉಳಿಯುತ್ತದೆ. ಜೊತೆಗೆ ಈ ಖನಿಜಗಳು ಪುಡಿಯ ಶಕ್ತಿಯನ್ನೂ ತಿನ್ನುತ್ತವೆ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರಿಲ್ಲದಿದ್ದರೆ 600ರವರೆಗೆ ಆಗಬಹುದು. ಕಾವೇರಿ ನೀರು ಮೆದು, ತೊಂದರೆ ಕಡಿಮೆ. ಬೋರ್‌ವೆಲ್, ಟ್ಯಾಂಕರ್ ನೀರಿನ ಬಡಾವಣೆಗಳಲ್ಲಿ ಕಥೆ ಬೇರೆ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತ ಶುರುವಾದ ಮೇಲೆ ಹೊರವಲಯದ ಎಷ್ಟೋ ಕಡೆ ಎರಡೂ ನೀರು ಒಂದೇ ಸಂಪಿಗೆ ಬೀಳುತ್ತಿದೆ. ಅಲ್ಲಿ ಗಡಸುತನ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ.

ಇದಕ್ಕೆ ಯಂತ್ರದೊಳಗೇ ಮದ್ದಿದೆ. ಒಳ್ಳೆಯ ಯಂತ್ರಗಳಲ್ಲಿ ರೆಸಿನ್ ಮಣಿಗಳ ಒಂದು ಕೋಣೆ ಇರುತ್ತದೆ. ಒಳಬರುವ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನು ಈ ಮಣಿಗಳು ಹಿಡಿದುಕೊಂಡು, ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದಾಗ ಯಂತ್ರ ಉಪ್ಪಿನ ನೀರು ಹಾಯಿಸಿ ಅವನ್ನು ಮತ್ತೆ ಚುರುಕು ಮಾಡುತ್ತದೆ. ನಾವು ಹಾಕುವ ಉಪ್ಪು ಇದಕ್ಕೆ. ಅದು ಪಾತ್ರೆಗೆ ತಾಗುವುದೇ ಇಲ್ಲ. ಡಿಶ್‌ವಾಷರ್ ಉಪ್ಪೆಂದರೆ ದಪ್ಪ ಹರಳಿನ ಶುದ್ಧ ಸೋಡಿಯಂ ಕ್ಲೋರೈಡ್. ಅಡುಗೆಯ ಪುಡಿ ಉಪ್ಪಿನಲ್ಲಿ ಅಯೋಡಿನ್ ಇದೆ, ಗಟ್ಟಿಯಾಗದಂತೆ ಬೆರೆಸಿದ ವಸ್ತುಗಳಿವೆ. ಕಲ್ಲುಪ್ಪಿನಲ್ಲಿ ಮಣ್ಣು, ಬೇರೆ ಖನಿಜ ಇರುತ್ತವೆ. ಎರಡೂ ಬೇಡ. ಉಪ್ಪು ತುಂಬಿದ ಕೂಡಲೇ ಒಂದು ಸುತ್ತು ತೊಳೆಯಿರಿ. ಚೆಲ್ಲಿದ ಉಪ್ಪುನೀರು ಸ್ಟೀಲ್ ತಳದಲ್ಲಿ ಕೂತರೆ ತುಕ್ಕು ಹಿಡಿಸುತ್ತದೆ.

ಉಪ್ಪು ಹಾಕಿದರಷ್ಟೇ ಸಾಲದು. ನೀರಿನ ಗಡಸುತನ ಎಷ್ಟೆಂದು ಯಂತ್ರಕ್ಕೆ ಹೇಳಬೇಕು. ಪರೀಕ್ಷಾ ಪಟ್ಟಿ ಅದ್ದಿ ನೋಡಿ, ಕೈಪಿಡಿಯ ಕೋಷ್ಟಕದಂತೆ ಸಂಖ್ಯೆ ಹೊಂದಿಸಬೇಕು. ಕೋಷ್ಟಕ ಜರ್ಮನ್ ಡಿಗ್ರಿಯಲ್ಲಿದ್ದರೆ ಒಂದು ಡಿಗ್ರಿ ಎಂದರೆ ಲೀಟರಿಗೆ ಸುಮಾರು 17.8 ಮಿ.ಗ್ರಾಂ. ಅಪಾರ್ಟ್‌ಮೆಂಟಿನಲ್ಲೇ ನೀರು ಮೆದು ಮಾಡುವ ಘಟಕ ಇದ್ದರೆ ಕಡಿಮೆ ಸಂಖ್ಯೆ ಸಾಕು.

ಚೊಂಬಿನಲ್ಲಿ ನೀರು ಸುರಿಯುವ ಪುಟ್ಟ ಯಂತ್ರಗಳಲ್ಲಿ ಬಹಳಷ್ಟಕ್ಕೆ ಈ ಉಪ್ಪಿನ ಕೋಣೆಯೇ ಇರುವುದಿಲ್ಲ. ಬೋರ್ ನೀರಿನ ಮನೆಯವರು ಕೊಳ್ಳುವಾಗ ಮೊದಲು ಕೇಳಬೇಕಾದ್ದು ಇದನ್ನೇ. ‘ಆರ್‌ಒ ನೀರು ಹಾಕಿದರಾಯ್ತು’ ಎನ್ನುವವರಿದ್ದಾರೆ. ಕಲೆ ಬೀಳುವುದಿಲ್ಲ, ನಿಜ. ಆದರೆ ಆ 5 ಲೀಟರಿಗೆ ಫಿಲ್ಟರ್ ಅದಕ್ಕಿಂತ ಜಾಸ್ತಿ ನೀರನ್ನು ಹೊರಗೆ ಬಿಟ್ಟಿರುತ್ತದೆ. ಹೊರಬಿಟ್ಟ ಆ ನೀರನ್ನೇ ಯಂತ್ರಕ್ಕೆ ಹಾಕೋಣ ಎಂದರೆ ಅದು ಇನ್ನೂ ಗಡಸು.

ಗಾಜಿನ ಲೋಟ ಮಂಜಾದರೆ ನಿಂಬೆಹೋಳು ಉಜ್ಜಿ ನೋಡಿ. ಹೋದರೆ ಸುಣ್ಣ. ಹೋಗದಿದ್ದರೆ ಗಾಜೇ ಸವೆದಿದೆ ಎಂದರ್ಥ. ತೀರಾ ಮೆದು ನೀರು, ಜಾಸ್ತಿ ಪುಡಿ, ಜಾಸ್ತಿ ಬಿಸಿ ಸೇರಿದರೆ ಹೀಗಾಗುತ್ತದೆ. ಅದು ಮತ್ತೆ ಸರಿಹೋಗುವುದಿಲ್ಲ.

ಪುಡಿ, ಮಾತ್ರೆ

ಯಂತ್ರದ ಪುಡಿಯಲ್ಲಿ ಕ್ಷಾರ, ಕಲೆ ತೆಗೆಯುವ ಬ್ಲೀಚು, ಕಿಣ್ವಗಳು ಇರುತ್ತವೆ. ಒಂದು ಬಗೆಯ ಕಿಣ್ವ ಅನ್ನದ ಗಂಜಿಯನ್ನು, ಇನ್ನೊಂದು ಹಾಲು ಮೊಟ್ಟೆಯಂಥ ಪ್ರೋಟೀನನ್ನು ಕತ್ತರಿಸುತ್ತದೆ. ಅರಿಸಿನದ ಹಳದಿಯನ್ನು ಸ್ಟೀಲಿನಿಂದ ಬ್ಲೀಚು ಸುಲಭವಾಗಿ ತೆಗೆಯುತ್ತದೆ, ಪ್ಲಾಸ್ಟಿಕ್ ಡಬ್ಬಿಯಿಂದ ಪೂರ್ತಿ ಹೋಗುವುದಿಲ್ಲ. ಸಿಂಕಿನ ಪಕ್ಕದ ಲಿಕ್ವಿಡ್ ಸೋಪನ್ನು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ನೊರೆ ತುಂಬಿ ಪಂಪು ನೀರಿನ ಬದಲು ಗಾಳಿ ಎಳೆಯುತ್ತದೆ, ಬಾಗಿಲ ಸಂದಿಯಿಂದ ನೊರೆ ನೆಲಕ್ಕೆ ಇಳಿಯುತ್ತದೆ.

ಪುಡಿಯನ್ನೇ ಅಚ್ಚೊತ್ತಿದ ಮಾತ್ರೆಗಳನ್ನು ದೊಡ್ಡ ಯಂತ್ರದ ಅಳತೆಗೆ ಮಾಡಿರುತ್ತಾರೆ. ಚಿಕ್ಕ ಯಂತ್ರಕ್ಕೆ ಪುಡಿಯೇ ಲೇಸು, ಬೇಕಾದಷ್ಟೇ ಹಾಕಬಹುದು. ಅರ್ಧ ಗಂಟೆಯ ಪ್ರೋಗ್ರಾಂನಲ್ಲಿ ಮಾತ್ರೆ ಕರಗದೆ ಉಳಿಯುವುದೂ ಇದೆ.

ಯಾವುದು ಒಳಗೆ, ಯಾವುದು ಹೊರಗೆ

ಸ್ಟೀಲ್, ಗಾಜು, ಪಿಂಗಾಣಿ ಕಣ್ಣುಮುಚ್ಚಿ ಹಾಕಬಹುದು. ಅಲ್ಯೂಮಿನಿಯಂ ಬೇಡ. ಕ್ಷಾರಕ್ಕೆ ಅದು ಕಪ್ಪಾಗುತ್ತದೆ. ಹಳೆಯ ಕುಕ್ಕರ್, ಅಲ್ಯೂಮಿನಿಯಂ ಇಡ್ಲಿ ತಟ್ಟೆ, ಹಾರ್ಡ್ ಅನೊಡೈಸ್ಡ್ ಬಾಣಲೆ ಎಲ್ಲ ಈ ಪಟ್ಟಿಯಲ್ಲೇ. ಕಬ್ಬಿಣದ ದೋಸೆ ಹೆಂಚನ್ನು ಹಾಕಿದರೆ ವರ್ಷಗಟ್ಟಲೆ ಎಣ್ಣೆ ಕುಡಿಸಿ ಪಳಗಿಸಿದ್ದು ಒಂದೇ ಸಲಕ್ಕೆ ಹೋಗಿ ತುಕ್ಕು ಬರುತ್ತದೆ. ಹಿತ್ತಾಳೆ, ತಾಮ್ರ ಮಂಕಾಗುತ್ತವೆ. ಮರದ ಲಟ್ಟಣಿಗೆ ಸೀಳುತ್ತದೆ. ಕಲ್ಲಿನ ಮರಿಗೆಯ ಮಾತೇ ಬೇಡ. ಮಿಕ್ಸಿ ಜಾರಿನ ತಳದ ಬೇರಿಂಗಿಗೆ ನೀರು ಹೋಗುತ್ತದೆ, ಅದನ್ನೂ ಕೈಯಲ್ಲೇ ತೊಳೆಯಿರಿ.

ಮೊದಲೇ ನೀಟಾಗಿ ತೊಳೆದು ಯಂತ್ರಕ್ಕೆ ಹಾಕುವವರಿದ್ದಾರೆ. ಅದು ಎರಡು ಕೆಲಸ. ಅನ್ನದಗುಳು, ಕರಿಬೇವು, ಮೆಣಸಿನಕಾಯಿ ತುಂಡನ್ನು ಕೈಯಿಂದ ಬಳಿದು ಬಿಸಾಡಿದರೆ ಸಾಕು. ಜಿಡ್ಡು ಹಾಗೇ ಇರಲಿ, ಬಿಸಿನೀರು ನೋಡಿಕೊಳ್ಳುತ್ತದೆ. ಒಣಗಿದ ಉದ್ದಿನ ಹಿಟ್ಟು, ಮುದ್ದೆ ಮಾಡಿದ ಪಾತ್ರೆ, ತಳ ಹಿಡಿದ ಹಾಲಿನ ಪಾತ್ರೆ ಇವು ಮೂರು ಮಾತ್ರ ಬೇರೆ. ಇವನ್ನು ನೆನೆಸಿ, ತಿಕ್ಕಿಯೇ ತೊಳೆಯಬೇಕು.

ಜೋಡಿಸುವಾಗ ನೀರು ಎಲ್ಲಿಂದ ಬರುತ್ತದೆ ಎಂದು ನೋಡಿ. ಚಿಕ್ಕ ಯಂತ್ರಗಳಲ್ಲಿ ಹೆಚ್ಚಾಗಿ ಕೆಳಗಿನ ಒಂದೇ ತೋಳು. ಹಾಗಾಗಿ ಕೊಳೆಯ ಮುಖ ಕೆಳಕ್ಕೆ, ಒಳಕ್ಕೆ ಇರಬೇಕು. ಬಟ್ಟಲುಗಳು ಓರೆಯಾಗಿ ಬೋರಲು. ಒಂದರೊಳಗೊಂದು ಲೋಟ ಸೇರಿಸಿದರೆ ಒಳಗಿನದಕ್ಕೆ ನೀರು ಮುಟ್ಟುವುದೇ ಇಲ್ಲ. ಡಬರಿಯನ್ನು ಮಧ್ಯದಲ್ಲಿ ಬೋರಲು ಹಾಕಿದರೆ ಅದು ಮಾತ್ರ ಶುಚಿಯಾಗಿ, ಮೇಲಿನವೆಲ್ಲ ಕೊಳೆಯಾಗೇ ಉಳಿಯುತ್ತವೆ. ಬಾಗಿಲು ಹಾಕುವ ಮುಂಚೆ ತೋಳನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ. ಉದ್ದ ಹಿಡಿಯ ಸೌಟು ಸಿಕ್ಕಿಕೊಂಡರೆ ಆಗಲೇ ಗೊತ್ತಾಗುತ್ತದೆ.

ಮನೆಯಲ್ಲಿ ಹಿರಿಯರಿದ್ದರೆ ಇನ್ನೊಂದು ಪ್ರಶ್ನೆ ಬರುತ್ತದೆ. ಎಂಜಲು ತಟ್ಟೆ, ಅಡುಗೆ ಮಾಡಿದ ಪಾತ್ರೆ ಒಂದೇ ನೀರಿನಲ್ಲಾ? ಹೌದು, ಒಂದೇ ನೀರು. ಅವರ ಆಕ್ಷೇಪ ಯಂತ್ರದ ಬಗೆಯನ್ನು ಸರಿಯಾಗಿಯೇ ಹಿಡಿದಿದೆ. ಊಟದ ತಟ್ಟೆ ಲೋಟಗಳಿಗೆ ಮಾತ್ರ ಯಂತ್ರ ಎಂದಿಟ್ಟುಕೊಂಡರೆ ಜಗಳ ಮುಗಿಯುತ್ತದೆ. ಹೇಗಿದ್ದರೂ ಈ ಅಳತೆಯ ಯಂತ್ರ ಚೆನ್ನಾಗಿ ಮಾಡುವ ಕೆಲಸವೂ ಅದೇ. ನಿಮ್ಮ ಮನೆಯಲ್ಲಿ ಅಲ್ಯೂಮಿನಿಯಂ ಕುಕ್ಕರ್, ಕಬ್ಬಿಣದ ಹೆಂಚು, ದೊಡ್ಡ ಬಾಣಲೆಗಳದ್ದೇ ರಾಜ್ಯಭಾರವಾದರೆ ಈ ದುಡ್ಡು ಬೇರೆಯದಕ್ಕೆ ಇಡಿ.

ನೀರು, ಕರೆಂಟಿನ ಲೆಕ್ಕ

ಒಂದು ಲೀಟರ್ ಬಾಟಲಿಯನ್ನು ಸಿಂಕಿನ ನಲ್ಲಿಗೆ ಹಿಡಿಯಿರಿ. ಹತ್ತು ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 6 ಲೀಟರ್. ನಲ್ಲಿ ಬಿಟ್ಟುಕೊಂಡೇ ಹತ್ತು ನಿಮಿಷ ತೊಳೆದರೆ 60 ಲೀಟರ್ ಹೋಯಿತು. ಯಂತ್ರದ 8 ಲೀಟರ್ ಇದರ ಮುಂದೆ ಏನೂ ಅಲ್ಲ. ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ಚೊಂಬಿನಲ್ಲಿ ತೊಳೆಯುವವರಿಗೆ ಮಾತ್ರ ಈ ಉಳಿತಾಯದ ಮಾತು ಅಷ್ಟಾಗಿ ಅನ್ವಯಿಸುವುದಿಲ್ಲ.

ಕರೆಂಟು ಒಂದು ಸುತ್ತಿಗೆ ಒಂದು ಯೂನಿಟ್ಟಿಗಿಂತ ಕಡಿಮೆ. ದಿನಕ್ಕೊಂದು ಸುತ್ತು, ಮುಕ್ಕಾಲು ಯೂನಿಟ್ ಎಂದಿಟ್ಟುಕೊಂಡರೆ ತಿಂಗಳಿಗೆ ಇಪ್ಪತ್ತೆರಡು ಇಪ್ಪತ್ತಮೂರು ಯೂನಿಟ್. ಗೃಹಜ್ಯೋತಿ ಇರುವ ಮನೆಯವರು ಇದನ್ನು ಬಿಲ್ಲಿನ ಪಕ್ಕ ಇಟ್ಟು ನೋಡಬೇಕು. ನಿಮಗೆ ಗೊತ್ತುಮಾಡಿದ ಉಚಿತ ಮಿತಿ ದಾಟಿದರೆ ಹೆಚ್ಚುವರಿಗೆ ಹಣ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಈಗಾಗಲೇ 180ರ ಆಸುಪಾಸಿನಲ್ಲಿದ್ದರೆ ಈ ಯಂತ್ರವೇ ನಿಮ್ಮನ್ನು ಆಚೆ ತಳ್ಳಬಹುದು. ಆಗ ದಿನ ಬಿಟ್ಟು ದಿನ ಓಡಿಸಿ.

ನೋಡಿಕೊಳ್ಳುವುದು

ತಳದ ಜಾಲರಿಯನ್ನು ವಾರಕ್ಕೊಮ್ಮೆಯಾದರೂ ತೆಗೆದು ನಲ್ಲಿ ಕೆಳಗೆ ಹಿಡಿಯಬೇಕು. ಒಗ್ಗರಣೆಯ ಸಾಸಿವೆ ತೋಳಿನ ತೂತಿನಲ್ಲಿ ಕೂತರೆ ಕಡ್ಡಿಯಿಂದ ಚುಚ್ಚಿ ತೆಗೆಯಿರಿ. ಜಾಲರಿ ಬಿಟ್ಟರೆ ವಾಸನೆ, ಅದರ ಹಿಂದೆಯೇ ಜಿರಳೆ. ಆಗಾಗ ಖಾಲಿ ಯಂತ್ರಕ್ಕೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿ ಬಿಸಿ ಪ್ರೋಗ್ರಾಂ ಓಡಿಸಿದರೆ ಒಳಗಿನ ಸುಣ್ಣ ಕರಗುತ್ತದೆ. ಕೆಲಸ ಮುಗಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ಓರೆ ಮಾಡಿಡಿ. ಸ್ಟೀಲ್ ತನ್ನ ಬಿಸಿಗೇ ಒಣಗುತ್ತದೆ. ಪ್ಲಾಸ್ಟಿಕ್ ಡಬ್ಬಿಗಳು ಬೇಗ ತಣ್ಣಗಾಗುವುದರಿಂದ ಒದ್ದೆಯಾಗೇ ಉಳಿಯುತ್ತವೆ, ಅವನ್ನು ಒರೆಸಿಯೇ ಇಡಬೇಕು.

ಊರಿಗೆ ಹೋಗುವಾಗ ನಲ್ಲಿ ಬಂದ್ ಮಾಡಿ. ಮನೆ ಬದಲಿಸುವಾಗ ಯಂತ್ರವನ್ನು ನೆಟ್ಟಗೇ ಸಾಗಿಸಬೇಕು. ಪಂಪಿನ ತಳದಲ್ಲಿ ಸ್ವಲ್ಪ ನೀರು, ಉಪ್ಪಿನ ಕೋಣೆಯಲ್ಲಿ ಉಪ್ಪುನೀರು ಯಾವಾಗಲೂ ಇದ್ದೇ ಇರುತ್ತದೆ. ಮಲಗಿಸಿದರೆ ಅದು ಕೆಳಗಿನ ವಿದ್ಯುತ್ ಭಾಗಗಳಿಗೆ ಹರಿಯುತ್ತದೆ. ಪ್ಯಾಕರ್ಸ್‌ನವರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಪೆಟ್ಟಿಗೆಯ ನಾಲ್ಕೂ ಕಡೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿ.